ಎತ್ತಿನ ಸೋಮವಾರ

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ನಮ್ಮೂರು ಕೊಂಡ್ಲಹಳ್ಳಿಯಲ್ಲಿ ಇದನ್ನ ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಮೊಳಕಾಲ್ಮುರು, ಚಳ್ಳಕೆರೆ ಕಡೆ ಅಷ್ಟೇ ಅಲ್ಲ, ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇದೇ ಪದ್ಧತಿ. ಸೋಮವಾರ ಬಸವಣ್ಣನ ವಾರ, ಎತ್ತು ಬಸವಣ್ಣ, ಹಾಗಾಗಿ ಅವತ್ತು ಗಳೇವು ಹೂಡಲ್ಲ. ಮುಂಗಾರು ಹದ ತಪ್ಪಿ ಹೋಗ್ತಿದ್ರೂ ಸರಿ, ಪಕ್ಕದ ಹೊಲದವನು ಭಾನುವಾರವೇ ಶೇಂಗಾ ಬಿತ್ತಿ ಮುಗಿಸಿದ್ರೂ ಸರಿ. ಎತ್ತು ಕಲ್ಲುಬಾನಿಯಲ್ಲಿ ನೀರು ಕುಡಿದು, ಮೈ ತೊಳೆಸಿಕೊಂಡು, ಮೆಲುಕು ಹಾಕ್ತಾ ಮಲಗಿರುತ್ತೆ.

ನಾನು ಬೆಂಗಳೂರಿನಲ್ಲಿ ಸಂಬಳದ ಲೆಕ್ಕ ಹಾಕೋ ಸಾಫ್ಟ್‌ವೇರ್ ಬರೆಯುವ ಕೆಲಸ ಮಾಡ್ತೀನಿ. ಅದರ ಹೊಟ್ಟೆಯೊಳಗೆ ಒಂದು ರಜಾ ಟೇಬಲ್ ಇದೆ. ಪ್ರತಿ ವರ್ಷ ಸರ್ಕಾರದ ರಜಾಪಟ್ಟಿ ಬಂದ ಮೇಲೆ ಒಬ್ಬರು ಕೂತು ಅದನ್ನ ಕೈಯಲ್ಲಿ ತುಂಬಬೇಕು. ಒಮ್ಮೆ ಹೊರದೇಶದ ಸಹೋದ್ಯೋಗಿಯೊಬ್ಬರು ಕೇಳಿದ್ರು: ಕ್ರಿಸ್‌ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತಲ್ಲ, ನಿಮ್ಮ ಯುಗಾದಿ ಯಾಕೆ ಹಾಗೆ ಓಡಾಡುತ್ತೆ? ಅದಕ್ಕೊಂದು ಸೂತ್ರ ಬರೆದು ಬಿಡೋಣವಾ? ಆ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಅದರ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆ ಇತ್ತು. ರಜೆ ಅನ್ನೋದನ್ನ ಮೊದಲು ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಯಾವ ಲೆಕ್ಕದಲ್ಲಿ ಕೊಟ್ಟರು?

ಉತ್ತರ ಹುಡುಕಿಕೊಂಡು ಗ್ರಂಥಾಲಯಗಳಿಗೆ ಹೋದೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, ರಾತ್ರಿ ಹೊತ್ತು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿಟ್ಟ ಹಳೇ ಪುಸ್ತಕಗಳು. ಅಲ್ಲಿ ಒಂದು ವಿಷಯ ಗೊತ್ತಾಯ್ತು. ಗ್ರಂಥಾಲಯದಲ್ಲಿ ವಿಜ್ಞಾನಕ್ಕೆ ಕಪಾಟಿದೆ, ವ್ಯಾಪಾರಕ್ಕೆ ಕಪಾಟಿದೆ, ರಜೆಗೆ ಅಂತ ಕಪಾಟಿಲ್ಲ. ರಜೆಯ ಇತಿಹಾಸ ಬೇರೆ ಬೇರೆ ಪುಸ್ತಕಗಳ ಒಳಗೆ ಚದುರಿ ಹೋಗಿದೆ: ಶಾಸನ ಸಂಪುಟದಲ್ಲಿ ಒಂದಿಷ್ಟು, ಖಗೋಳದ ವರದಿಯಲ್ಲಿ ಒಂದಿಷ್ಟು, ಚೆಕ್ಕು ಹುಂಡಿಗಳ ಕಾನೂನಿನಲ್ಲಿ ಒಂದಿಷ್ಟು. ಆ ಚೂರುಗಳನ್ನ ಜೋಡಿಸಿದಾಗ ಕಂಡಿದ್ದನ್ನ ಇಲ್ಲಿ ಹೇಳ್ತೀನಿ.

ಮೊದಲು ನಮ್ಮ ತಾಲ್ಲೂಕಿನಿಂದಲೇ ಶುರು ಮಾಡೋಣ. 1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮುರು ತಾಲ್ಲೂಕಿನ ಮೂರು ಕಡೆ ಅಶೋಕನ ಶಾಸನಗಳನ್ನ ಪತ್ತೆ ಮಾಡಿದ್ರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ. 1903ರಲ್ಲಿ ಬಂದ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೊಂದನೇ ಸಂಪುಟ ಪೂರ್ತಿ ಚಿತ್ರದುರ್ಗ ಜಿಲ್ಲೆಯದ್ದು. ಮೊಳಕಾಲ್ಮುರು ಭಾಗವನ್ನ ತೆರೆದರೆ ನಮ್ಮ ಬಂಡೆಗಳು ಅಲ್ಲಿವೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕ್ಷೇಮ ವಿಚಾರಿಸಿ ಕಳಿಸಿದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಗುರುವಿಗೆ ಗೌರವ ಕೊಡಿ ಅನ್ನುವ ಅರ್ಥದ ಮಾತುಗಳು. ಕೊನೆಗೆ ಬರೆದವನ ಹೆಸರು, ಚಪಡ. ಶಾಸನ ಪೂರ್ತಿ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿಯಲ್ಲಿದೆ. ಆದರೆ 'ಲಿಪಿಕಾರ' ಅನ್ನುವ ತನ್ನ ಕಸುಬಿನ ಪದವನ್ನ ಮಾತ್ರ ಆತ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓದಬೇಕು. ಕೋಡಿನ ಮೂಲೆಯಲ್ಲಿ ತಮ್ಮದೊಂದು ಗುರುತು ಬಿಡುವ ಪ್ರೋಗ್ರಾಮರ್‌ಗಳನ್ನ ನೋಡಿದ್ದೀನಿ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ತಾಲ್ಲೂಕಿನ ಬಂಡೆ ಮೇಲೆ ಅದೇ ಕೆಲಸ ಮಾಡಿದವನು ಸಿಕ್ಕಾಗ ಖುಷಿಯಾಯ್ತು.

ನಮ್ಮ ಬಂಡೆಗಳಲ್ಲಿ ರಜೆಯ ಮಾತಿಲ್ಲ. ಆದರೆ ಅದೇ ಅಶೋಕನ ಶಾಸನಗಳ ಸಂಪುಟದಲ್ಲಿ ಮುಂದಕ್ಕೆ ಹೋದರೆ ಉತ್ತರದ ಕಂಬಗಳ ಮೇಲಿನ ಐದನೇ ಸ್ತಂಭಶಾಸನ ಸಿಗುತ್ತೆ. ಪಟ್ಟಾಭಿಷೇಕವಾಗಿ 26 ವರ್ಷ ಆದ ಮೇಲೆ ಹೊರಡಿಸಿದ್ದು. ಅದರಲ್ಲಿ ದಿನಗಳ ಪಟ್ಟಿಯೇ ಇದೆ. ಮೂರು ಚಾತುರ್ಮಾಸ್ಯದ ಹುಣ್ಣಿಮೆ, ತಿಷ್ಯದ ಹುಣ್ಣಿಮೆ, ಉಪವಾಸದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಲೂಬಾರದು. ಪಕ್ಷದ ಎಂಟು, ಹದಿನಾಲ್ಕು, ಹದಿನೈದನೇ ದಿನ, ತಿಷ್ಯ ಮತ್ತು ಪುನರ್ವಸು ನಕ್ಷತ್ರದ ದಿನ, ಹಬ್ಬದ ದಿನಗಳಲ್ಲಿ ಹೋರಿಗಳ ಬೀಜ ಒಡೆಯಬಾರದು. ಕೆಲವು ದಿನ ಎತ್ತು ಕುದುರೆಗಳಿಗೆ ಬರೆ ಹಾಕಬಾರದು. ತಿಷ್ಯ ಅಂದ್ರೆ ನಮ್ಮ ಪುಷ್ಯ ನಕ್ಷತ್ರ.

ಈ ಪಟ್ಟಿಯನ್ನ ನನ್ನ ರಜಾ ಟೇಬಲ್ ಪಕ್ಕ ಇಟ್ಟು ನೋಡಿದೆ. ಮೂರೂ ವಿಷಯ ಒಂದೇ ಕಲ್ಲಿನ ಮೇಲಿವೆ. ನಕ್ಷತ್ರ ಗುರುತಿಸಬೇಕು ಅಂದ್ರೆ ಖಗೋಳ, ಮೀನು ಮಾರಬಾರದು ಅಂದ್ರೆ ಸಂತೆ ವ್ಯಾಪಾರ, ಒಟ್ಟು ಸೇರಿದ್ರೆ ರಜೆ. ಇನ್ನೂ ಒಂದು ವಿಶೇಷ ಇದೆ. ಇಲ್ಲಿ ಆ ದಿನಗಳ ಲಾಭ ಸಿಕ್ಕಿರೋದು ಪ್ರಾಣಿಗಳಿಗೆ. ಮನುಷ್ಯನ ಕೈಗೆ ಬಿಡುವು ಸಿಕ್ಕಿದ್ದರೆ ಅದು ಪ್ರಾಣಿಯ ಹೆಸರಿನಲ್ಲಿ ಸಿಕ್ಕಿದ್ದು. ಇದನ್ನ ನೆನಪಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಈಗ ಯುಗಾದಿ ಓಡಾಡುವ ಪ್ರಶ್ನೆಗೆ ಬರೋಣ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಮ್ಮಿ. ಆದ್ದರಿಂದ ಹಬ್ಬ ಪ್ರತಿ ವರ್ಷ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತೆ, ಎರಡೂಮುಕ್ಕಾಲು ವರ್ಷದ ಆಸುಪಾಸಿಗೆ ಒಂದು ಅಧಿಕಮಾಸ ಬಂದು ಮತ್ತೆ ಮುಂದಕ್ಕೆ ತಳ್ಳುತ್ತೆ. ಸೂತ್ರ ಇದೆ, ಆದರೆ ಒಂದು ಸಾಲಿನದಲ್ಲ. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ ಅವರು 1922ರಲ್ಲಿ 'ಆನ್ ಇಂಡಿಯನ್ ಎಫಿಮೆರಿಸ್' ಅಂತ ಏಳು ಸಂಪುಟ ತಂದ್ರು. ಕ್ರಿ.ಶ. 700ರಿಂದ 1799ರವರೆಗಿನ ದಿನಗಳಿಗೆ ತಿಥಿ, ವಾರ, ನಕ್ಷತ್ರದ ಕೋಷ್ಟಕಗಳು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಷ್ಟೂ ಅಂಕಿ ಕೈಲೆಕ್ಕದ್ದು.

ಅದು ಯಾಕೆ ಬೇಕಿತ್ತು ಅಂದ್ರೆ ಶಾಸನಗಳಿಗಾಗಿ. ಕನ್ನಡ ಶಾಸನಗಳಲ್ಲಿ ದಾನ ಕೊಟ್ಟ ದಿನವನ್ನ ಬಹಳ ಕಾಳಜಿಯಿಂದ ಬರೆದಿರುತ್ತಾರೆ: ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ, ಜೊತೆಗೆ ಸೂರ್ಯಗ್ರಹಣವೋ ಉತ್ತರಾಯಣ ಸಂಕ್ರಾಂತಿಯೋ ಅಂತ. ದಾನ ಕೊಡೋಕೆ ಪುಣ್ಯದ ದಿನ ಬೇಕು. ಆ ದಿನ ನಿಜವಾಗಿ ಗ್ರಹಣ ಇತ್ತಾ, ಆ ತಿಥಿಗೆ ಆ ವಾರ ಹೊಂದುತ್ತಾ ಅಂತ ಲೆಕ್ಕ ಹಾಕಿದರೆ ಶಾಸನದ ಕಾಲ ಖಚಿತವಾಗುತ್ತೆ, ಆಮೇಲೆ ಯಾರೋ ಸೃಷ್ಟಿಸಿದ ಕಪಟ ಶಾಸನವೂ ಸಿಕ್ಕಿಬೀಳುತ್ತೆ. ನಮ್ಮ ರಾಜರ ಕಾಲಗಣನೆ ಎಷ್ಟೋ ಮಟ್ಟಿಗೆ ನಿಂತಿರೋದು ಹಬ್ಬ ಹುಣ್ಣಿಮೆಗಳ ಮೇಲೆ.

ಸ್ವಾತಂತ್ರ್ಯ ಬಂದ ಮೇಲೆ ಇದೇ ಲೆಕ್ಕ ದೇಶದ ತಲೆನೋವಾಯ್ತು. ಒಂದೇ ಹಬ್ಬಕ್ಕೆ ಒಂದು ಪಂಚಾಂಗ ಒಂದು ದಿನ ಹೇಳಿದರೆ ಇನ್ನೊಂದು ಮಾರನೇ ದಿನ ಹೇಳೋದು. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಮಾಡಿದ್ರು. ನಕ್ಷತ್ರಗಳ ಬಿಸಿಯನ್ನ ಅವುಗಳ ಬೆಳಕಿನಿಂದ ಓದುವ ಸಮೀಕರಣ ಕೊಟ್ಟ ಸಾಹಾ ಅವರೇ. ಸಮಿತಿಯ ವರದಿ 1955ರಲ್ಲಿ ಬಂತು. ದೇಶದಲ್ಲಿ ಮೂವತ್ತು ಬಗೆಯ ಪಂಚಾಂಗ ಬಳಕೆಯಲ್ಲಿವೆ ಅನ್ನೋದು ಅದರಿಂದ ಎಲ್ಲರಿಗೂ ತಿಳಿಯಿತು. ಇನ್ನೊಂದು ವಿಷಯವನ್ನೂ ವರದಿ ಒತ್ತಿ ಹೇಳಿತು. ಸೂರ್ಯಸಿದ್ಧಾಂತದ ವರ್ಷ ಋತುಗಳ ವರ್ಷಕ್ಕಿಂತ ಕೂದಲೆಳೆಯಷ್ಟು ಉದ್ದ, ಸುಮಾರು 60 ವರ್ಷಕ್ಕೆ ಒಂದು ದಿನದ ವ್ಯತ್ಯಾಸ. ಹದಿನಾಲ್ಕು ಶತಮಾನದಲ್ಲಿ ಅದು 23 ದಿನ ಆಗಿದೆ. ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 22ರ ಸುಮಾರಿಗೆ, ನಾವು ಎಳ್ಳು ಬೆಲ್ಲ ಹಂಚೋದು ಜನವರಿ 14ಕ್ಕೆ. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆಕಾಶವಾಣಿಯಲ್ಲಿ ಶಕವರ್ಷ ಹೇಳ್ತಿದ್ದದ್ದು ನೆನಪಿರಬೇಕು, ಅದೇ ಇದು. ಸರ್ಕಾರ ತಿದ್ದಿಕೊಂಡಿತು. ಜನ ಮಾತ್ರ ಸಂಕ್ರಾಂತಿಯನ್ನ ಕದಲಿಸಲಿಲ್ಲ. ಹಬ್ಬದ ದಿನವನ್ನ ವಿಜ್ಞಾನ ಕರಾರುವಾಕ್ಕಾಗಿ ಹೇಳಬಹುದು, ಅದನ್ನ ಬದಲಿಸುವ ಅಧಿಕಾರ ಅದರ ಹತ್ರ ಇಲ್ಲ.

ಇನ್ನು ವ್ಯಾಪಾರದ ಕಪಾಟು. ಸರ್ಕಾರಿ ರಜಾಪಟ್ಟಿಯ ತಲೆಯ ಮೇಲೆ 'ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881' ಅನ್ನುವ ಸಾಲು ನೋಡಿರ್ತೀರಿ. ಅದು ಚೆಕ್ಕು, ಪ್ರಾಮಿಸರಿ ನೋಟುಗಳ ಕಾಯ್ದೆ. ಹಬ್ಬಕ್ಕೂ ಅದಕ್ಕೂ ಏನು ಸಂಬಂಧ? ಸಾಲಪತ್ರದ ವಾಯಿದೆ ಮುಗಿಯುವ ದಿನ ರಜೆಯಾದರೆ ಹಣ ಯಾವತ್ತು ಕಟ್ಟಬೇಕು ಅನ್ನೋದನ್ನ ಅದರ 25ನೇ ಕಲಮು ಹೇಳುತ್ತೆ: ಹಿಂದಿನ ಕೆಲಸದ ದಿನಕ್ಕೇ ಬಾಕಿ ಅಂತ ಲೆಕ್ಕ. ಹಾಗಾದ್ರೆ ಸಾರ್ವಜನಿಕ ರಜೆ ಅಂದ್ರೇನು ಅಂತ ಅದು ವಿವರಿಸಬೇಕಾಯ್ತು. ಭಾನುವಾರಗಳು ಮತ್ತು ಸರ್ಕಾರ ಅಧಿಸೂಚನೆ ಹೊರಡಿಸಿ ಹೇಳಿದ ದಿನಗಳು ಅಂತ ಬರೆದುಕೊಂಡರು. ನಮ್ಮ ಸಾಫ್ಟ್‌ವೇರ್‌ನಲ್ಲೂ ಸಂಬಳದ ದಿನ ರಜೆಯಾದರೆ ಹಿಂದಿನ ಕೆಲಸದ ದಿನಕ್ಕೆ ಹಾಕು ಅಂತ ಒಂದು ಷರತ್ತಿದೆ. ಯುಗಾದಿಗೆ ಬ್ಯಾಂಕ್ ಬಾಗಿಲು ಹಾಕೋದು ಬೇವು ಬೆಲ್ಲದ ಕಾರಣಕ್ಕೆ ಅಂದುಕೊಂಡಿದ್ದೆವು, ಕಾನೂನಿನ ದೃಷ್ಟಿಯಲ್ಲಿ ಅದು ಸಾಲದ ವಾಯಿದೆಗೆ ಸಂಬಂಧಪಟ್ಟ ದಿನ.

ಸಾಹುಕಾರರ ಹಣಕ್ಕೆ 1881ರಲ್ಲೇ ರಜೆ ಬರೆದಿಟ್ಟಾಯ್ತು. ಕೂಲಿಯವರಿಗೆ? ಅದೇ 1881ರ ಕಾರ್ಖಾನೆ ಕಾಯ್ದೆಯಲ್ಲಿ ಮಕ್ಕಳಿಗೆ ಮಾತ್ರ ತಿಂಗಳಿಗೆ ನಾಲ್ಕು ದಿನ. ಆಗ ಏಳು ವರ್ಷ ತುಂಬಿದ ಮಕ್ಕಳು ಮಿಲ್ಲಿನಲ್ಲಿ ಕೆಲಸ ಮಾಡಬಹುದಿತ್ತು, ದಿನಕ್ಕೆ ಒಂಬತ್ತು ಗಂಟೆ. ದೊಡ್ಡವರಿಗೆ ಏನೂ ಇರಲಿಲ್ಲ. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅವರು ಮಿಲ್ ಕೂಲಿಯವರನ್ನ ಸೇರಿಸಿಕೊಂಡು ವರ್ಷಗಟ್ಟಲೆ ಕೇಳಿದ ಮೇಲೆ 1890ರಲ್ಲಿ ಮಿಲ್ ಮಾಲೀಕರು ವಾರಕ್ಕೊಂದು ರಜೆಗೆ ಒಪ್ಪಿದ್ರು. 1891ರ ಕಾಯ್ದೆಯಲ್ಲಿ ವಾರದ ರಜೆ ಸೇರಿತು. ಭಾನುವಾರ ಅಂದ್ರೆ ಇಂಗ್ಲಿಷರ ಚರ್ಚಿನ ದಿನ ಅಂತ ನಾವು ಓದ್ತೀವಿ. ಆದರೆ ಅದು ಖಂಡೋಬನ ವಾರವೂ ಹೌದು, ನಮ್ಮ ಕಡೆಯ ಮಾತಲ್ಲಿ ಮೈಲಾರಲಿಂಗನ ವಾರ. ಆ ಕೂಲಿಯವರಲ್ಲಿ ಬಹಳ ಮಂದಿ ಖಂಡೋಬನ ಒಕ್ಕಲು.

ರಜೆ ಯಾವ ವಾರ ಅನ್ನೋದು ಎಷ್ಟು ದೊಡ್ಡ ಗುರುತು ಅನ್ನೋದಕ್ಕೆ ಗೆಜೆಟಿಯರ್‌ಗಳಲ್ಲಿ ಒಂದು ಒಳ್ಳೇ ಉದಾಹರಣೆ ಸಿಕ್ತು. ಎಣ್ಣೆಗೆ ಹೆಸರಾದ ಚಳ್ಳಕೆರೆಯ ಪಕ್ಕದಲ್ಲಿ ಬೆಳೆದವನಾದ್ದರಿಂದ ಗಾಣದ ಮಾತು ಕಂಡಲ್ಲಿ ಕಣ್ಣು ನಿಲ್ಲುತ್ತೆ. ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಅಂತ ಯಹೂದಿ ಜನ ಇದ್ದರು. ಎಣ್ಣೆ ಗಾಣ ಅವರ ಕಸುಬು. ತಮ್ಮ ಮೂಲ, ಭಾಷೆ ಎಷ್ಟೋ ಮರೆತಿದ್ರೂ ಶನಿವಾರ ಗಾಣ ಆಡಿಸ್ತಿರಲಿಲ್ಲ. ಊರಿನವರು ಅವರನ್ನ 'ಶನಿವಾರ ತೇಲಿ' ಅಂದ್ರು, ಶನಿವಾರದ ಗಾಣಿಗರು ಅಂತ ಅರ್ಥ. ಸೋಮವಾರ ಗಾಣ ನಿಲ್ಲಿಸುವವರು 'ಸೋಮವಾರ ತೇಲಿ'. ಶಿವನ ವಾರ ಅಂತ ಬಿಡುವು ಕೊಟ್ಟವರು. ಎರಡು ಬೇರೆ ಬೇರೆ ಧರ್ಮ, ಒಂದೇ ಕಸುಬು. ಜನ ಗುರುತಿಸಿದ್ದು ಗಾಣದ ಸದ್ದು ಯಾವ ದಿನ ಕೇಳಲ್ಲ ಅನ್ನೋದರಿಂದ. ಗಾಣ ನಿಂತ ದಿನ ಗಾಣದ ಎತ್ತೂ ನಿಂತಿರುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಇಲ್ಲಿಗೆ ಮತ್ತೆ ನಮ್ಮ ಎತ್ತಿನ ಹತ್ರ ಬಂದ್ವಿ. ಸರ್ಕಾರದ ಎತ್ತಿಗೆ ಗ್ರಂಥಾಲಯದಲ್ಲಿ ಬೇಕಾದಷ್ಟು ದಾಖಲೆ ಇದೆ. ಮೈಸೂರು ಅರಸರ ಬೆಣ್ಣೆ ಚಾವಡಿ, ಟಿಪ್ಪು ಇಟ್ಟ ಹೆಸರು ಅಮೃತ ಮಹಲ್, ಫಿರಂಗಿ ಎಳೆಯಲು ಆ ತಳಿಯ ಎತ್ತುಗಳ ತಾಕತ್ತು, 1799ರ ನಂತರ ಬ್ರಿಟಿಷರ ವಶ, ಖರ್ಚು ಹೆಚ್ಚು ಅಂತ 1860ರಲ್ಲಿ ಮಾರಾಟ, ತಪ್ಪಾಯ್ತು ಅಂತ 1866ರಲ್ಲಿ ಮತ್ತೆ ಶುರು. ಎಲ್ಲವೂ ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿದೆ. ಆ ದನಗಳು ಮೇಯಲು ಬಿಟ್ಟ ಕಾವಲುಗಳು ಚಳ್ಳಕೆರೆ ಸುತ್ತ ಇವತ್ತಿಗೂ ಅದೇ ಹೆಸರಿನಲ್ಲಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಎದ್ದಿರೋದು ಅಂಥ ಕಾವಲಿನಲ್ಲೇ.

ದೇವರ ಎತ್ತುಗಳ ವಿಷಯವೂ ಸಂಶೋಧಕರ ಪುಸ್ತಕಗಳಲ್ಲಿ ಸಿಗುತ್ತೆ. ನಮ್ಮ ಕಡೆಯ ಮ್ಯಾಸನಾಯಕರು ದೇವರ ಹೆಸರಿಗೆ ಬಿಟ್ಟ ದನಗಳಿವೆ. ಕಿಲಾರಿಗಳು ಕಾಯ್ತಾರೆ, ಅವನ್ನ ಯಾವತ್ತೂ ಹೂಡಲ್ಲ. ಅವಕ್ಕೆ ವರ್ಷವೆಲ್ಲ ಸೋಮವಾರ.

ಆದರೆ ದುಡಿಯುವ ಎತ್ತಿನ ಸೋಮವಾರದ ಇತಿಹಾಸಕ್ಕೆ ಅಷ್ಟು ಗಟ್ಟಿ ಪುಸ್ತಕ ನನ್ನ ಕೈಗೆ ಸಿಗಲಿಲ್ಲ. ಅದನ್ನ ಯಾವ ರಾಜನೂ ಕಲ್ಲಿನ ಮೇಲೆ ಬರೆಸಲಿಲ್ಲ, ಯಾವ ಕಲಮಿನಲ್ಲೂ ಸೇರಿಸಲಿಲ್ಲ. ಎಲ್ಲರೂ ಮಾಡ್ತಿದ್ದ ಕೆಲಸವನ್ನ ಯಾರೂ ಬರೆದಿಡಲ್ಲ, ಅದೇ ಕಾರಣ ಇರಬೇಕು.

ಇದರಿಂದ ಏನು ನಷ್ಟ ಅಂತೀರಾ? ನಮ್ಮ ಮನೆ ಲೆಕ್ಕವನ್ನೇ ಹೇಳ್ತೀನಿ. ಎತ್ತು ಇದ್ದಾಗ ಸೋಮವಾರ ಅಪ್ಪ ಹೊಲಕ್ಕೆ ಹೋಗ್ತಿರಲಿಲ್ಲ. ಹೋದರೂ ಬದು ನೋಡಿಕೊಂಡು ಬರೋದು ಅಷ್ಟೇ. ಅವತ್ತು ಹಗ್ಗ ಹೊಸೆಯೋದು, ಕೂರಿಗೆ ರಿಪೇರಿ, ಚೌರ, ಯಾರದಾದ್ರೂ ಮನೆಗೆ ಹೆಣ್ಣು ಗಂಡಿನ ಮಾತಿಗೆ ಹೋಗಿ ಬರೋದು. ಸಂಬಳದಾಳಿಗೂ ಅವತ್ತು ಗಳೇವಿನ ಕೆಲಸ ಇಲ್ಲ. ಗೌಡ್ರ ಹತ್ರ ಹೋಗಿ 'ನನಗೆ ವಾರಕ್ಕೊಂದು ರಜೆ ಕೊಡಿ' ಅಂತ ಕೇಳುವ ಧೈರ್ಯ ಆ ಕಾಲದ ಆಳಿಗೆ ಎಲ್ಲಿತ್ತು? ಅವನ ಪರವಾಗಿ ಎತ್ತು ಕೇಳ್ತಿತ್ತು. ಎತ್ತಿಗೆ ಸೋಮವಾರ ಅಂದ್ರೆ ಗೌಡ್ರೂ ಸುಮ್ಮನಾಗಬೇಕಿತ್ತು, ಯಾಕಂದ್ರೆ ಅದು ಬಸವಣ್ಣನ ಮಾತು. ಅಶೋಕನ ಕಂಬದ ಮೇಲೆ ನೋಡಿದ ಹಾಗೆ, ಇಲ್ಲೂ ಮನುಷ್ಯನ ಬಿಡುವು ಬಂದಿದ್ದು ಪ್ರಾಣಿಯ ಹೆಸರಿನಲ್ಲೇ.

ಈಗ ಊರಲ್ಲಿ ಎತ್ತಿನ ಜೋಡಿಗಳು ಬೆರಳಲ್ಲಿ ಎಣಿಸುವಷ್ಟು. ಟ್ರ್ಯಾಕ್ಟರ್ ಬಂತು. ಅದರ ಬಗ್ಗೆ ನನಗೆ ತಕರಾರಿಲ್ಲ. ಹದ ಎರಡೇ ದಿನ ಇರುವ ನಮ್ಮ ಬೆದ್ಲು ಹೊಲಕ್ಕೆ ಅದರಿಂದ ಉಪಕಾರವೇ ಆಗಿದೆ. ಆದರೆ ಟ್ರ್ಯಾಕ್ಟರ್‌ಗೆ ಸೋಮವಾರ ಇಲ್ಲ, ಹಾಗಾಗಿ ಅದರ ಡ್ರೈವರ್‌ಗೂ ಇಲ್ಲ. ಕಂತು ಕಟ್ಟಬೇಕಾದ ಗಾಡಿ ನಿಂತರೆ ನಷ್ಟ. ಹದದ ದಿನಗಳಲ್ಲಿ ಹುಡುಗರು ರಾತ್ರಿ ಲೈಟ್ ಹಾಕಿಕೊಂಡು ರಂಟೆ ಹೊಡೀತಾರೆ. ಕಾನೂನು ಇಲ್ಲ ಅಂತಲ್ಲ. 1948ರ ಕನಿಷ್ಠ ಕೂಲಿ ಕಾಯ್ದೆಯ ಅನುಸೂಚಿಯಲ್ಲಿ ಬೇಸಾಯದ ಕೆಲಸವೂ ಇತ್ತು, ಏಳು ದಿನಕ್ಕೊಂದು ಬಿಡುವಿನ ದಿನ ಗೊತ್ತುಮಾಡಬಹುದು ಅಂತ ಅದರ 13ನೇ ಕಲಮಿನಲ್ಲಿ ಬರೆದಿತ್ತು. ಹೊಲದ ಬದುವಿನ ಮೇಲೆ ನಿಂತು ಅದನ್ನ ಎಣಿಸಿದವರನ್ನ ನಾನು ನೋಡಿಲ್ಲ. ಬೇಸಾಯದಲ್ಲಿ ನಿಜಕ್ಕೂ ಪಾಲನೆಯಾಗ್ತಿದ್ದ ವಾರದ ರಜೆ ಒಂದೇ, ಎತ್ತಿನದು. ಎತ್ತಿನ ಜೊತೆ ಅದೂ ಹೊರಟುಹೋಯ್ತು, ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ.

ಹಳೇ ಕಾಲ ಚೆನ್ನಾಗಿತ್ತು ಅಂತ ಹೇಳೋಕೆ ಇದನ್ನ ಬರೀತಿಲ್ಲ. ಸೋಮವಾರ ಎತ್ತಿಗೆ ಬಿಡುವು ಕೊಟ್ಟ ಮನೆಯಲ್ಲೇ ಹೆಂಗಸರಿಗೆ ಯಾವ ವಾರವೂ ರಜೆ ಇರಲಿಲ್ಲ. ಅವತ್ತು ಅಮ್ಮನಿಗೆ ಕೊಟ್ಟಿಗೆ ಕೆಲಸ ಇನ್ನೂ ಜಾಸ್ತಿ. ರಜಾಪಟ್ಟಿ ಯಾವ ಕಾಲದ್ದೇ ಆಗಿರಲಿ, ಅದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಅಂತಲೂ ನೋಡಬೇಕು. ಮನೆಗೆ ಊಟ ತಂದುಕೊಡುವ ಹುಡುಗ ಯುಗಾದಿ ದಿನವೇ ಹೆಚ್ಚು ಓಡಾಡ್ತಾನೆ. ನಾನು ತುಂಬುವ ಟೇಬಲ್‌ನಲ್ಲಿ ಅವನಿಗೆ ಸಾಲಿಲ್ಲ.

ಹಾಗಾಗಿ ಓದುಗರಿಗೆ ಒಂದು ಕೆಲಸ ಹೇಳ್ತೀನಿ. ಊರಿಗೆ ಹೋದಾಗ ಅಜ್ಜ ಅಜ್ಜಿ, ದೊಡ್ಡಪ್ಪ ಚಿಕ್ಕಪ್ಪಂದಿರನ್ನ ಕೂರಿಸಿಕೊಂಡು ಕೇಳಿ: ನಿಮ್ಮ ಕಾಲದಲ್ಲಿ ಯಾರಿಗೆ ಯಾವ ದಿನ ಬಿಡುವು ಇತ್ತು? ಮೊಳಕಾಲ್ಮೂರಿನ ಮಗ್ಗ ಅಮಾವಾಸ್ಯೆಗೆ ನಿಲ್ತಿತ್ತಾ, ಕಂಬಳಿ ನೇಯುವವರಿಗೆ ಯಾವ ದಿನ, ಕುಲುಮೆ ಯಾವ ದಿನ ತಣ್ಣಗಿರ್ತಿತ್ತು, ಕಾರಹುಣ್ಣಿಮೆಗೆ ಆಳಿಗೆ ಏನು ಕೊಡ್ತಿದ್ರು? ಕೇಳಿದ್ದನ್ನ ಒಂದು ನೋಟ್‌ಬುಕ್‌ನಲ್ಲಿ ಬರೆದು, ಊರಿನ ಹೆಸರು, ಇಸವಿ ಹಾಕಿ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇಡಿ. ದೊಡ್ಡ ಪುಸ್ತಕ ಆಗಬೇಕಿಲ್ಲ. ಚಪಡ ಬರೆದದ್ದೂ ಕೆಲವೇ ಸಾಲು.

ಎತ್ತಿಗೂ ಗ್ರಂಥಾಲಯಕ್ಕೂ ಹಳೇ ನಂಟೇ ಇದೆ. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೈ ಅನ್ನುವ ಎಂಜಿನಿಯರ್ ಪುಸ್ತಕಗಳನ್ನ ಎತ್ತಿನ ಗಾಡಿಯಲ್ಲಿ ತುಂಬಿ ಹಳ್ಳಿ ಹಳ್ಳಿಗೆ ಕಳಿಸಿದ್ರು. ಅದಕ್ಕೆ ಬೆನ್ನೆಲುಬಾಗಿದ್ದವರು ಎಸ್. ಆರ್. ರಂಗನಾಥನ್. ಮುಂದೆ ಬೆಂಗಳೂರಿಗೆ ಬಂದು ನೆಲೆಸಿ ಇಲ್ಲೇ ಗ್ರಂಥಾಲಯ ವಿಜ್ಞಾನ ಕಟ್ಟಿದವರು. ಕೆಲಸಕ್ಕೆ ಹೋಗುವವರಿಗೆ ಓದೋಕೆ ಬಿಡುವು ಸಿಗೋದು ಭಾನುವಾರ. ಕಬ್ಬನ್ ಪಾರ್ಕಿನ ಗ್ರಂಥಾಲಯ ಅವತ್ತು ತೆರೆದಿರುತ್ತೆ, ಅದಕ್ಕೆ ವಾರದ ರಜೆ ಸೋಮವಾರ.